ಒಂದು ಗೇಣು ಮೀನು

ನಮ್ಮ ಹೊಲದ ಮೇಲೆ ನಿಂತ ನೀರಿನಲ್ಲಿ ನಾವು ಎಷ್ಟುದ್ದದ ಮೀನು ಹಿಡಿಯಬೇಕು ಎಂದು ತೀರ್ಮಾನ ಮಾಡಲು ಸಿಂಧನೂರಿನಿಂದ ನಾಲ್ಕು ಕಾರು ಬಂದವು. ಆ ತೀರ್ಮಾನವನ್ನು ಟೈಪು ಮಾಡಬೇಕಾದವಳು ನಾನು. ನನ್ನ ಹೆಸರು ಭಾರತಿ. ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಏಳು ವರ್ಷದಿಂದ ಗುತ್ತಿಗೆಯ ಮೇಲಿದ್ದೇನೆ. ಹೇಳಿದ್ದನ್ನು ಬಡಿಯುವುದು ನನ್ನ ಕೆಲಸ, ಕೇಳುವುದು ಅಲ್ಲ.

ಹೊಲ ಹೊಂಡವಾದದ್ದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವೇ ಯಾರದೋ ಕೆರೆಗೆ ನುಗ್ಗಿದವರಂತೆ ಕಾಣುತ್ತೇವೆ. ನಮ್ಮೂರು ಸಿಂಧನೂರು-ಮಸ್ಕಿ ರಸ್ತೆಯಿಂದ ಒಳಗಿದೆ. ಸುತ್ತ ಕಾಲುವೆ ನೀರು, ಭತ್ತದ ಗದ್ದೆ. ಅಜ್ಜನ ಕಾಲದಲ್ಲಿ ಸರ್ಕಾರ ನಮ್ಮ ಕೇರಿಯ ಒಂಬತ್ತು ಮನೆಗಳಿಗೆ ಭೂಮಿ ಕೊಟ್ಟಿತು. ಊರಿಗೆಲ್ಲ ತಗ್ಗಾದ ಜಾಗವನ್ನೇ ಹುಡುಕಿ ಕೊಟ್ಟರು. ನಮ್ಮ ಪಾಲಿಗೆ ಎರಡು ಎಕರೆ ಹತ್ತು ಗುಂಟೆ ಬಂತು. ಮೇಲಿನವರು ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆದರು. ಅವರ ಗದ್ದೆಯಿಂದ ಬಸಿದದ್ದೆಲ್ಲ ನಮ್ಮ ಹೊಲಕ್ಕೆ ಇಳಿಯಿತು. ಮೊದಲು ಬದುವಿನ ಬುಡ ಬೆಳ್ಳಗಾಯಿತು. ಮರುವರ್ಷ ಜೋಳ ಮೊಳಕೆಯಲ್ಲೇ ಸುಟ್ಟುಹೋಯಿತು. ಆಮೇಲೆ ನೀರು ನಿಂತಿತು, ನಿಂತದ್ದು ಹೋಗಲೇ ಇಲ್ಲ. ನಾಲಿಗೆಗೆ ಇಟ್ಟರೆ ಉಪ್ಪು. ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಬಸಿಗಾಲುವೆ ತೋಡಿಸಿಕೊಡಿ ಎಂದು ಅಪ್ಪ ಹನ್ನೊಂದು ವರ್ಷ ಅರ್ಜಿ ಹಿಡಿದು ಓಡಾಡಿದ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಅರ್ಜಿಗಳ ಗಂಟು. ಅಪ್ಪ ಸತ್ತ. ಪಹಣಿ ಈಗ ಅವ್ವ ಬಸ್ಸಮ್ಮನ ಹೆಸರಿನಲ್ಲಿದೆ. ಹೊಲ ನೀರಿನೊಳಗಿದೆ.

ಬಸಿನೀರಿನ ಜೊತೆ ಹಳ್ಳದಿಂದ ಜಿಲೇಬಿ ಮೀನು ಬಂತು. ಉಪ್ಪುನೀರನ್ನೂ ತಡೆದುಕೊಳ್ಳುವ ಗಟ್ಟಿ ಜೀವ ಅದು. ಆದರೆ ಇಲ್ಲಿ ಹೆಚ್ಚು ಬೆಳೆಯುವುದಿಲ್ಲ. ಬಹಳವೆಂದರೆ ಅಂಗೈ ಅಗಲ. ಗೇಣುದ್ದದ್ದು ಸಿಕ್ಕರೆ ಕೇರಿಯಲ್ಲಿ ನಾಲ್ಕು ದಿನ ಅದೇ ಮಾತು.

ನಾಟಿಯ ದಿನಗಳಲ್ಲಿ ಅವ್ವ ಬೆಳಗಿನಿಂದ ಬೇರೆಯವರ ಕೆಸರಿನಲ್ಲಿ ಬಗ್ಗಿರುತ್ತಾಳೆ. ಕಾಲ್ಬೆರಳ ಸಂದಿ ಕೊಳೆತು ಬಾಯಿ ಬಿಟ್ಟಿರುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಅದೇ ಕಾಲನ್ನು ಉಪ್ಪುನೀರಿಗೆ ಇಡಬೇಕು. ಹಲ್ಲು ಕಚ್ಚಿ ಇಳಿಯುತ್ತಾಳೆ. ಎರಡೂ ಕಡೆ ಬಾಯಿರುವ, ತಳವಿಲ್ಲದ ಬಿದಿರ ಬುಟ್ಟಿಯನ್ನು ಕೆಸರಿಗೆ ಊರಿ, ಮೇಲಿನಿಂದ ಕೈಹಾಕಿ ತಡಕಿ ಮೀನು ತೆಗೆಯುತ್ತಾಳೆ. ಐವತ್ತೆಂಟು ವರ್ಷದ ಸೊಂಟ ಅದು. ನಾನು ನೂರು ಸಲ ಬೇಡವೆಂದಿದ್ದೇನೆ. ಬೇಡವೆನ್ನುತ್ತಲೇ ಸಾರು ಸುರಿದುಕೊಂಡು ಉಂಡಿದ್ದೇನೆ.

ಸಿಕ್ಕ ಪ್ರತಿ ಮೀನಿನ ದವಡೆ ಒತ್ತಿ ಅವ್ವ ಅದರ ಬಾಯೊಳಗೆ ನೋಡುತ್ತಾಳೆ. ಜಿಲೇಬಿ ತನ್ನ ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಬಾಯಲ್ಲಿ ಮರಿ ಇದ್ದರೆ ಎಷ್ಟು ದೊಡ್ಡ ಮೀನಾದರೂ ಬಿಡಬೇಕು. 'ಬಾಣಂತಿ ಐತಿ, ಹೋಗಲಿ' ಎಂದು ಮೆಲ್ಲಗೆ ನೀರಿಗೆ ಇಳಿಸುತ್ತಾಳೆ. ಕೇರಿಯ ಹೆಂಗಸರೆಲ್ಲ ಹೀಗೆಯೇ. ನೋಡದೆ ಹಾಕಿಕೊಂಡವಳ ಮನೆಯ ಸಾರನ್ನು ಉಳಿದವರು ಮುಟ್ಟುವುದಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ. ಬರೆಯುವವರು ನಮ್ಮಲ್ಲಿ ಯಾರಿದ್ದರು?

ಬರೆಯುವವಳು ನಾನೊಬ್ಬಳಿದ್ದೆ. ನಾನು ಬರೆದದ್ದು ಏನು ಅಂತಲೂ ಹೇಳುತ್ತೇನೆ.

ಹೋದ ವರ್ಷ ಕೇರಿಯ ನಲವತ್ತು ಜನಕ್ಕೆ ನೀರು ನಿಂತ ನಮ್ಮ ಹೊಲಗಳಲ್ಲೇ ಉದ್ಯೋಗ ಖಾತ್ರಿ ಕೆಲಸ ಬೇಕಾಗಿತ್ತು. ಒಂಬತ್ತು ಹೊಲಕ್ಕೆ ಒಂಬತ್ತು ಫೈಲು ಮಾಡಲು ಪಿಡಿಒ ಸಾಹೇಬರಿಗೆ ಬೇಸರ. 'ಸಾರ್ವಜನಿಕ ಹೊಂಡದ ಹೂಳು ತೆಗೆಯೋದು ಅಂತ ಒಂದ ಹಾಕು. ನಲವತ್ತು ಮಂದಿನೂ ಒಂದ ಪಟ್ಟಿಗೆ ಬರ್ತಾರ' ಎಂದರು. ಜನಕ್ಕೆ ಕೆಲಸ ಸಿಗುತ್ತದಲ್ಲ ಎಂದು ನಾನು ಹಾಕಿದೆ. ಅಪ್ಪ ಹನ್ನೊಂದು ವರ್ಷ 'ನನ್ನ ಹೊಲ, ನನ್ನ ಹೊಲ' ಎಂದು ಬರೆದದ್ದನ್ನು ನಾನು ಒಂದೇ ಸಾಲಿನಲ್ಲಿ ಊರಿನ ಹೊಂಡ ಮಾಡಿದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಅವ್ವನಿಗೆ ಹೇಳಿರಲಿಲ್ಲ.

ಇನ್ನು ಕಾರಿನವರ ಮಾತು. ಗಾಳ ಗೆಳೆಯರ ಬಳಗ ಎಂದು ಅವರ ಹೆಸರು. ಮುಂದಾಳು ಶಿವರಾಜ, ಸಿಂಧನೂರಿನಲ್ಲಿ ಗೊಬ್ಬರ ಮತ್ತು ಎಣ್ಣೆ ಅಂಗಡಿ. ಮೇಲಿನ ಗದ್ದೆಗಳಲ್ಲಿ ಹುಳು ಸಾಯಲೆಂದು ಹೊಡೆಯುವ ಎಣ್ಣೆ ಅವನ ಅಂಗಡಿಯದೇ. ಸಮುದ್ರಕ್ಕೆ ಹೋಗಿ ಗಾಳ ಹಾಕುವ ಚಟ ಅವನಿಗೆ. ಸಮುದ್ರ ದೂರ, ನಮ್ಮ ಉಪ್ಪುನೀರು ಹತ್ತಿರ. ಎರಡು ವರ್ಷದ ಕೆಳಗೆ ಆಂಧ್ರದ ಕರಾವಳಿಯಿಂದ ಪಂಡುಗಪ್ಪ ಅನ್ನುವ ಉಪ್ಪುನೀರಿನ ಮೀನಿನ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ನಮ್ಮ ಹೊಲಕ್ಕೆ ಬಿಟ್ಟ. ಯಾರನ್ನೂ ಕೇಳಲಿಲ್ಲ. ಪಂಚಾಯಿತಿ ಅಧ್ಯಕ್ಷರು ಬಂದು ಚಪ್ಪಾಳೆ ತಟ್ಟಿದರು. ಆ ಮೀನು ಈಗ ಮೊಳಕೈ ಉದ್ದ ಬೆಳೆದಿದೆ. ಅದು ತಿನ್ನುವುದು ಸಣ್ಣ ಜಿಲೇಬಿಯನ್ನು.

ಭಾನುವಾರಕ್ಕೊಮ್ಮೆ ಇವರು ಕುರ್ಚಿ, ಛತ್ರಿ, ಡಬ್ಬಿ ಊಟ ತಂದು ದಂಡೆಯಲ್ಲಿ ಕೂರುತ್ತಾರೆ. ಗಾಳ ಹಾಕುತ್ತಾರೆ. ಸಿಕ್ಕ ಮೀನನ್ನು ಎದೆಗೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಹಸಿವಿಗೆ ಹಿಡಿಯುವವರಲ್ಲ, ಅದಕ್ಕೇ ಅವರಿಗೆ ನಿಯಮದ ಆಸೆ. ಕೇರಿಯವರು ಬುಟ್ಟಿ ಹಾಕಿ ಸಣ್ಣ ಮೀನು ಬಳಿಯುತ್ತಾರೆ, ನೀರು ಬರಿದಾಗುತ್ತಿದೆ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟರು. ಅಳತೆ ಬೇಕು, ಮಿತಿ ಬೇಕು. ಒಂದು ಗೇಣಿಗಿಂತ ಸಣ್ಣ ಮೀನು ವಾಪಸ್ ಬಿಡಬೇಕು. ದಿನಕ್ಕೆ ತಲೆಗೆ ಎರಡೇ ಮೀನು. ಗಾಳ ಮಾತ್ರ, ಬುಟ್ಟಿ ಹಾಕುವಂತಿಲ್ಲ. ಗ್ರಾಮಸಭೆಗೆ ಮುಂಚೆ ಒಂದು ಭಾನುವಾರ ನಡೆಸಿ ನೋಡೋಣ ಎಂದರು. ಅಂದು ಬರೆದುಕೊಳ್ಳಲು ಪಿಡಿಒ ನನ್ನನ್ನು ಕಳಿಸಿದರು.

ಆ ಭಾನುವಾರ ಅವ್ವ ನೀರಿನಿಂದ ಮೇಲೆ ಬಂದಳು. ಬುಟ್ಟಿ ಹೆಗಲಿಗೆ, ಮೀನಿನ ಬೋಗುಣಿ ಸೊಂಟಕ್ಕೆ. ಸೀರೆಯಿಂದ ನೀರು ಸೋರುತ್ತಿತ್ತು. ಶಿವರಾಜ ಕುರ್ಚಿಯಿಂದ ಏಳಲಿಲ್ಲ.

"ಏನಬೇ, ಇಳಸು ಇಲ್ಲಿ. ಇವತ್ತಿಂದ ಅಳತಿ ಐತಿ."

"ಎಂಥ ಅಳತಿ ಯಪ್ಪಾ?"

"ಒಂದ್ ಗೇಣು ಇರಬೇಕು ಮೀನು. ಸಣ್ಣವನ್ನ ಬಿಟ್ಟರ ತಾನ ಬೆಳಿತಾವ. ಮುಂದಿನ ಮಂದಿಗೂ ಉಳೀಬೇಕಲ್ಲ?"

"ಇವು ಬೆಳ್ಯಾಂಗಿಲ್ರಿ. ಇಷ್ಟ ಇವು. ಇದ್ರಾಗ ಮುದುಕ್ಯಾಗ್ಯಾವ."

ಯಾರೋ ನಕ್ಕರು. ಬಳಗದ ಒಬ್ಬ ಹುಡುಗುಮೋರೆಯ ವಕೀಲ ಬೋಗುಣಿ ಕಸಿದುಕೊಂಡ. ಬಿಳಿ ಬಣ್ಣ ಹೊಡೆದ ಹಲಗೆ ಇತ್ತು, ಮೇಲೆ ಕೆಂಪು ಗೆರೆ. ಅವ್ವನ ಮೀನನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟ. ಕಮ್ಮಿ ಎಂದ. ಇನ್ನೊಂದು ಇಟ್ಟ. ಕಮ್ಮಿ. ಅವ್ವ ಒದ್ದೆ ಸೀರೆಯಲ್ಲಿ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ತಾಸು ಹಿಡಿಯಿತು. ಅರವತ್ತಮೂರು ಮೀನು. ಅರವತ್ತಮೂರೂ ಕಮ್ಮಿ.

ಬೋಗುಣಿಯನ್ನು ಹಾಗೇ ನೀರಿಗೆ ಬೋರಲು ಮಾಡಿದ. ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು.

"ಸತ್ತಾವಲ್ಲ ಯಪ್ಪಾ ಅವು," ಎಂದಳು ಅವ್ವ. "ಸತ್ತವನ್ನ ಬಿಟ್ಟರ ಬೆಳಿತಾವೇನು? ಕೊಡ್ರಿ, ಸಾರರ ಆಗ್ತದ."

"ನಿಯಮ ಅಂದ್ರ ನಿಯಮ. ಸತ್ತರೂ ಪಂಡುಗಪ್ಪ ತಿಂತಾವ, ವೇಸ್ಟ್ ಏನಾಗಂಗಿಲ್ಲ."

ಅವರ ಮೀನಿಗೆ ನಮ್ಮ ಮೀನು ಊಟ. ನಮ್ಮ ಊಟ ಏನು ಎಂದು ಅಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದವಳು ರಿಜಿಸ್ಟರ್ ಹಿಡಿದು ನಿಂತಿದ್ದಳು. ನಾನು 'ಬಿದಿರು ಬುಟ್ಟಿ, 63, ಎಲ್ಲ ಅಳತೆಗೆ ಕಡಿಮೆ' ಎಂದು ಬರೆದೆ. ಹಿಡಿದವರ ಹೆಸರು ಎಂಬ ಕಡೆ ಬಸ್ಸಮ್ಮ ಎಂದು ಬರೆದೆ. ಯಾರೋ ಬಸ್ಸಮ್ಮ ಇದ್ದ ಹಾಗೆ.

ಆ ಹೊತ್ತಿಗೆ ಶಿವರಾಜನ ಗಾಳ ಎಳೆಯಿತು. ಕೂಗಾಟ, ನಗು. ಮೇಲೆ ಬಂದದ್ದು ಜಿಲೇಬಿ. ನಾನು ಅಷ್ಟು ದೊಡ್ಡದನ್ನು ನೋಡಿರಲಿಲ್ಲ. ಹಲಗೆಯ ಮೇಲೆ ಇಟ್ಟರು. ಗೆರೆ ದಾಟಿ ಎರಡು ಬೆರಳು. ಎಲ್ಲರೂ ಮೊಬೈಲ್ ತೆಗೆದರು.

"ಅದನ್ನ ಬಿಡ್ರಿ," ಎಂದಳು ಅವ್ವ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅವ್ವ ಹತ್ತಿರ ಹೋದಳು. "ಬಿಡ್ರಿ ಯಪ್ಪಾ ಅದನ್ನ. ಗಲ್ಲ ಉಬ್ಬೈತಿ ನೋಡ್ರಿ. ಬಾಯಾಗ ಮರಿ ಅದಾವ."

"ಅಳತಿಗೆ ಬಂದೈತಬೇ. ಇದು ನಂದು."

ಮೀನು ಒದ್ದಾಡಿ ಬಾಯಿ ಬಿಟ್ಟಿತು. ಮರಿಗಳು ಹಲಗೆಯ ಮೇಲೆ ಚೆಲ್ಲಿದವು. ಸಾಸಿವೆಗಿಂತ ಸ್ವಲ್ಪ ದೊಡ್ಡವು, ಕಣ್ಣೇ ದೊಡ್ಡದಾಗಿರುವ ನೂರಾರು ಮರಿಗಳು. ಕೆಂಪು ಗೆರೆಯ ಆಚೆ ಈಚೆ ಮಿಸುಕಾಡಿದವು. ಶಿವರಾಜ ಮುಖ ಕಿವುಚಿ ಕರ್ಚೀಫಿನಿಂದ ಹಲಗೆ ಒರೆಸಿದ. ಅವು ನೆಲಕ್ಕೆ ಬಿದ್ದವು. ಅವ್ವ ಅವನ ಬೂಟಿನ ಪಕ್ಕ ಮಂಡಿಯೂರಿ ಕುಳಿತಳು. ಬೆರಳು ನೀರಿಗೆ ಅದ್ದಿ, ಒಂದೊಂದೇ ಮರಿಯನ್ನು ಮಣ್ಣಿನಿಂದ ಅಂಟಿಸಿಕೊಂಡು ನೀರಿಗೆ ಬಿಡತೊಡಗಿದಳು. ಅದನ್ನೂ ವಿಡಿಯೊ ಮಾಡಿಕೊಂಡರು. 'ಮುದುಕಿಗೆ ಎಷ್ಟು ಕರುಣಾ ನೋಡ್ರಿ' ಎಂದು ಯಾರೋ ಅಂದರು.

ಕರುಣೆಯಲ್ಲ ಅದು. ಕೆಲಸ ಅದು. ನನಗೆ ಕಣ್ಣು ಉರಿಯಿತು. ಆದರೂ ರಿಜಿಸ್ಟರಿನಲ್ಲಿ 'ಜಿಲೇಬಿ, 1, ಅಳತೆಗೆ ಸರಿ' ಎಂದು ಬರೆದೆ.

ಮನೆಗೆ ಬಂದು ಅವ್ವ ಬರಿ ಖಾರಪುಡಿ ಹಾಕಿ ಅನ್ನ ಕಲಸಿದಳು. ತುತ್ತು ಎತ್ತುವ ಮುಂಚೆ ಕೇಳಿದಳು.

"ನೀ ಯಾಕ ಸುಮ್ಮ ನಿಂತಿದ್ದಿ?"

"ಡ್ಯೂಟಿ ಬೇ. ಸಭಾದಾಗ ಹೇಳೂಣಂತ."

"ಸಭಾದಾಗ ಹೇಳ್ತಿಯೇನು?"

ನಾನು ತಾಟಿಗೆ ಕೈ ಹಾಕಿದೆ. ಅವ್ವ ಕಾಲ್ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಂಡು ಮಲಗಿದಳು.

ಗ್ರಾಮಸಭೆ ಬುಧವಾರ ಹನ್ನೊಂದಕ್ಕೆ. ಬಳಗದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಕೇರಿಯ ಹೆಂಗಸರು ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಕಡೆ ನೆಲದ ಮೇಲೆ ಕುಳಿತರು. ಅಲ್ಲಿ ಕೂರಿ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಮ್ಮಲ್ಲಿ ಸಭೆಗೆ ಒಂದು ಪದ್ಧತಿ ಇದೆ. ಬಂದವರ ಸಹಿ, ಹೆಬ್ಬೆಟ್ಟು ಮೊದಲೇ ತೆಗೆದುಕೊಳ್ಳುತ್ತಾರೆ. ಸಭೆ ಆಮೇಲೆ. ಸಹಿಯ ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ಠರಾವು ಬರುತ್ತದೆ. ನಾನೇ ಟೈಪು ಮಾಡಿ ಅಂಟಿಸುತ್ತೇನೆ. ಏಳು ವರ್ಷದಲ್ಲಿ ಎಷ್ಟು ಅಂಟಿಸಿದ್ದೇನೋ.

ಚರ್ಚೆ ಶುರುವಾಯಿತು. ಶಿವರಾಜ ಚೆನ್ನಾಗಿ ಮಾತಾಡುತ್ತಾನೆ. ಬೇರೆ ದೇಶಗಳಲ್ಲಿ ಸಮುದ್ರದ ದಂಡೆಯಲ್ಲೂ ಅಳತೆಪಟ್ಟಿ ಇರುತ್ತದಂತೆ. ಮೀನಿನ ಜಾತಿಗೊಂದು ಅಳತೆ, ದಿನಕ್ಕೆ ಇಷ್ಟೇ ಎಂಬ ಮಿತಿ. ಅಲ್ಲಿಯ ಜನ ತಾವೇ ಅಳೆದು ತಾವೇ ಬಿಡುತ್ತಾರಂತೆ. ನಿವೃತ್ತ ಬ್ಯಾಂಕಿನವರೊಬ್ಬರು ಗೇಣು ಸಾಲದು, ಹನ್ನೆರಡು ಇಂಚು ಇರಲಿ ಎಂದರು. ವಕೀಲ ಒಂಬತ್ತೇ ಸಾಕು, ಮೀನು ಮೂರಿರಲಿ ಎಂದ. ಇಂಚಿಗೆ ಇಂಚು ಜಗಳ ನಡೆಯಿತು. ಹೊರಗಿನಿಂದ ಬಂದವರು ಯಾರಾದರೂ ನೋಡಿದ್ದರೆ ಎಂಥ ತಿಳಿವಳಿಕೆಯ ಸಭೆ ಅನ್ನುತ್ತಿದ್ದರು.

ದಾವಲ್‌ಸಾಬ್ ಎದ್ದು ನಿಂತ. ಮೂವತ್ತು ವರ್ಷದಿಂದ ಸೈಕಲ್ಲಿನ ಮೇಲೆ, ಈಗ ಮೊಪೆಡ್ಡಿನ ಮೇಲೆ ತುರ್ವಿಹಾಳ, ಗೊರೇಬಾಳದ ಕಡೆಯೆಲ್ಲ ಮೀನು ಮಾರುವವನು.

"ಒಂದ್ ಮಾತ್ರಿ ಸಾಹೇಬ್ರ. ಅಳತಿ ಬ್ಯಾಡ ಅಂತ ನಾ ಅನ್ನಂಗಿಲ್ಲ. ಕೊರಮೀನಕ ಅಳತಿ ಇಡ್ರಿ, ನಿಮ್ಮ ಪಂಡುಗಪ್ಪಕ ಇಡ್ರಿ, ಅವು ಬೆಳ್ಯಾ ಜಾತಿ. ಈ ಜಿಲೇಬಿ ಇಲ್ಲಿ ನಾಕ್ ಬೆರಳಿಗೇ ತತ್ತಿ ಇಡತೈತಿ. ಗೇಣುದ್ದದ್ದು ಸಾವಿರಕ್ಕೊಂದು. ಅದನ್ನ ನೀವು ಒಯ್ತೀರಿ, ಸಣ್ಣವು ಬಿಡಬೇಕಂತೀರಿ. ಅಂದ್ರ ಹೆಂಗಾತು? ದೊಡ್ಡದು ದೊಡ್ಡವ್ರಿಗೆ, ಸಣ್ಣದು ನಿಮ್ಮ ಮೀನಿಗೆ. ಈ ಹೆಣಮಕ್ಕಳಿಗೆ ಏನ್ರಿ?"

"ಸಾಬ್ರ, ನೀವು ವ್ಯಾಪಾರಸ್ಥರು. ನಿಮಗ ಪರಿಸರದ ಕಾಳಜಿ ಇರಂಗಿಲ್ಲ," ಎಂದ ಶಿವರಾಜ.

"ಎಣ್ಣಿ ಮಾರೋರಿಗೆ ಇರತೈತೇನ್ರಿ?"

ಹಿಂದೆ ಕೂತವರು ನಕ್ಕರು. ಅಧ್ಯಕ್ಷರು ಮೇಜು ಕುಟ್ಟಿದರು. ಮತದ ಮಾತೇ ಬರಲಿಲ್ಲ. ಒಂಬತ್ತು ಇಂಚು, ತಲೆಗೆ ಎರಡು, ಗಾಳ ಮಾತ್ರ, ಎಂದು ಮುಗಿಸಿದರು. ಪಿಡಿಒ ನನ್ನ ಕಡೆ ತಿರುಗಿ ಹೇಳತೊಡಗಿದರು. ನಾನು ಬಡಿಯತೊಡಗಿದೆ.

"ಗ್ರಾಮದ ಸರ್ವೇ ನಂಬರಿನಲ್ಲಿರುವ ಸಾರ್ವಜನಿಕ ಹೊಂಡದಲ್ಲಿ..."

ಬೆರಳು ನಿಂತಿತು.

ಒಂದು ಗಂಟೆ ಎಲ್ಲರೂ ಇಂಚು ಜಗ್ಗಾಡಿದ್ದರು. ಈ ಮೊದಲನೆಯ ಸಾಲನ್ನು ಒಬ್ಬರೂ ಎತ್ತಿರಲಿಲ್ಲ. ಇದು ಠರಾವಾದರೆ ನಮ್ಮ ಒಂಬತ್ತು ಮನೆಯ ಭೂಮಿ ಸಭೆಯ ಒಪ್ಪಿಗೆಯಿಂದಲೇ ಊರಿನ ಹೊಂಡ. ನಾಳೆ ನೀರು ಬಸಿದುಹೋದರೂ ಹೊಲ ನಮ್ಮದಲ್ಲ. ಕೆಳಗೆ ಹೆಬ್ಬೆಟ್ಟು ಯಾರದು? ಅವ್ವನದು, ನೆರೆಮನೆಯ ಪಂಪಾವತಿಯದು, ಕೇರಿಯ ಎಲ್ಲರದು. ಮತ್ತು ಆ ಸುಳ್ಳನ್ನು ಮೊದಲು ಕಡತಕ್ಕೆ ಹಾಕಿದವಳು ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳು.

"ಮುಂದ ಹೋಗಮ್ಮಾ," ಎಂದರು ಪಿಡಿಒ.

"ಬರೆಯಂಗಿಲ್ರಿ ಸರ್."

"ಏನಾತು, ಕರೆಂಟ್ ಹೋತೇನು?"

"ಕರೆಂಟ್ ಐತ್ರಿ. ನಾ ಬರೆಯಂಗಿಲ್ಲ. ಅದು ಸಾರ್ವಜನಿಕ ಹೊಂಡ ಅಲ್ಲ. ಒಂಬತ್ತು ಮಂದಿ ಪಹಣಿ ಇರೋ ಹೊಲ. ನಮ್ಮ ಹೊಲ."

ಪಿಡಿಒ ದನಿ ತಗ್ಗಿಸಿದರು. "ಭಾರತಿ, ಹೊರಗ ಮಾತಾಡೂಣ. ಹೋದ ವರ್ಷದ ಕ್ರಿಯಾಯೋಜನಾದಾಗ ಸಾರ್ವಜನಿಕ ಅಂತ ಐತಿ. ನೀನ ಹಾಕೀದಿ."

"ಹೌದ್ರಿ. ನಾನ ಹಾಕೀನಿ. ನೀವು ಹೇಳಿದ್ರಿ, ನಾ ಹಾಕಿದೆ. ಸುಳ್ಳು ಅಂತ ಗೊತ್ತಿದ್ದ ಹಾಕೀನಿ."

ಶಿವರಾಜ ಕುರ್ಚಿಯಲ್ಲಿ ತಿರುಗಿದ. "ಅಂದ್ರ ಮೇಡಮ್ಮಾರ, ಕೆಲಸ ಬೇಕಾದಾಗ ಊರಿನ ಹೊಂಡ, ಮೀನು ಬೇಕಾದಾಗ ನಿಮ್ಮ ಹೊಲ. ಚಲೋ ಐತಲ್ಲ ಇದು."

ಆ ಮಾತು ನೇರ ಬಂದು ಬಡಿಯಿತು. ಯಾಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ನಾನು ಅವನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಮೀನಿನ ದವಡೆ ಒತ್ತಿ ಬಾಯೊಳಗೆ ನೋಡುವಾಗ ಅವಳು ಹಾಗೆ ನೋಡುತ್ತಾಳೆ.

"ಯವ್ವಾ, ತಪ್ಪಾತು," ಎಂದೆ. ಎಲ್ಲರ ಮುಂದೆಯೇ ಅಂದೆ. "ಮಂದಿಗೆ ಕೆಲಸ ಸಿಗಲಿ ಅಂತ ನಮ್ಮ ಹೊಲನ ಊರಿಂದು ಅಂತ ಬರ್ದೆ. ನಿನಗ ಹೇಳಲಿಲ್ಲ."



ಪಿಡಿಒಗೆ ಸಾಕಾಗಿತ್ತು. "ಆಪರೇಟರ್ ಬರೀಲಿಲ್ಲ ಅಂದ್ರ ಠರಾವು ನಿಲ್ಲಂಗಿಲ್ಲ. ನಾ ಕೈಲೆ ಬರಿತೀನಿ. ಸಹಿ ಎಲ್ಲಾ ಆಗ್ಯಾವ. ಸಭಾ ಒಪ್ಪೈತಿ." ಅಟೆಂಡರ್ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ.

ಆಗ ಅವ್ವ ಎದ್ದಳು. ಸೊಂಟ ಹಿಡಿದುಕೊಂಡು, ಎರಡು ಸಲ ಪ್ರಯತ್ನ ಮಾಡಿ ಎದ್ದಳು. ಚಪ್ಪಲಿಗಳನ್ನು ದಾಟಿ, ಕುರ್ಚಿಗಳ ನಡುವಿನಿಂದ ಮೇಜಿನ ತನಕ ಬಂದಳು. ಆ ಕೋಣೆಯಲ್ಲಿ ಅವಳು ಅಷ್ಟು ಮುಂದೆ ಬಂದದ್ದು ಅದೇ ಮೊದಲು. ಬಳಗದ ಒಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಹೆಬ್ಬೆಟ್ಟು ಎಲ್ಲೈತಿ, ತೋರಸ್ರಿ."

"ಯಾಕಬೇ?"

"ತೋರಸ್ರಿ."

ಅಟೆಂಡರ್ ಬೆರಳಿಟ್ಟು ತೋರಿಸಿದ. ಅವ್ವ ಶಾಯಿಯ ಡಬ್ಬಿ ಎಳೆದುಕೊಂಡಳು. ಹೆಬ್ಬೆಟ್ಟು ಅದ್ದಿದಳು. ತನ್ನ ಗುರುತಿನ ಮೇಲೆ ಒತ್ತಿದಳು. ಮತ್ತೆ ಅದ್ದಿದಳು, ಮತ್ತೆ ಒತ್ತಿದಳು. ಗೆರೆ ಮುಚ್ಚಿಹೋಗುವ ತನಕ ಒತ್ತಿದಳು. ಆ ಜಾಗದಲ್ಲಿ ಯಾರ ಗುರುತೂ ಉಳಿಯಲಿಲ್ಲ, ಬರಿ ನೀಲಿ.

"ಈಗ ನಾ ಒಪ್ಪಿಲ್ಲ," ಎಂದಳು.

"ಸರ್ಕಾರಿ ದಾಖಲಿ ಅದು! ಕೇಸ್ ಹಾಕ್ತೀನಿ!" ಪಿಡಿಒ ರಿಜಿಸ್ಟರ್ ಎಳೆದರು. ಆ ಹೊತ್ತಿಗೆ ಪಂಪಾವತಿ ಬಂದಿದ್ದಳು. ಅವಳ ಹಿಂದೆ ಕೇರಿಯ ಉಳಿದವರು. ಸಾಲು ನಿಂತರು. ಒಬ್ಬೊಬ್ಬರೂ ತಮ್ಮ ಗುರುತು ಎಲ್ಲಿದೆ ಎಂದು ಕೇಳಿದರು. ನಾನು ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ತೋರಿಸಿದೆ. ಇದು ನಿಂದು ಚಿಗವ್ವಾ, ಇದು ನಿಂದು ಪಂಪಕ್ಕಾ. ಏಳು ವರ್ಷ ಓದಿ ಹೇಳದೆ ಒತ್ತಿಸಿಕೊಂಡ ಹೆಬ್ಬೆಟ್ಟುಗಳು. ಪುಟ ತುಂಬ ನೀಲಿಯಾಯಿತು. ಠರಾವು ಬರೆಯಲು ಮೇಲಿನ ಖಾಲಿ ಜಾಗ ಹಾಗೇ ಇತ್ತು, ಕೆಳಗೆ ಒಪ್ಪಿದವರು ಇರಲಿಲ್ಲ.

ಸಭೆ ಮುಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಪಿಡಿಒ ಫೋನು ಮಾಡಿ ಇನ್ನು ಬರುವುದು ಬೇಡ ಎಂದರು. ಗುತ್ತಿಗೆಯವಳನ್ನು ಕಳಿಸಲು ಕಾಗದ ಬೇಕಾಗುವುದಿಲ್ಲ.

ಅವ್ವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ತಾಟು ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಿಲ್ಲ. ಶನಿವಾರ ದಾವಲ್‌ಸಾಬ್ ಬಂದು ಸುದ್ದಿ ಹೇಳಿದ. ಬಳಗದವರು ಸಿಂಧನೂರಿನಲ್ಲಿ ಬೋರ್ಡು ಬರೆಸಿದ್ದಾರೆ. 'ಸಾರ್ವಜನಿಕ ಹೊಂಡ. ಒಂಬತ್ತು ಇಂಚಿಗಿಂತ ಸಣ್ಣ ಮೀನು ಹಿಡಿಯುವುದು ನಿಷಿದ್ಧ.' ನಾಳೆ ತಂದು ನೆಡುತ್ತಾರಂತೆ. ಠರಾವು ಆಮೇಲೆ ಹೇಗೋ ಆಗುತ್ತದಂತೆ.

ಅವ್ವ ಅವನಿಗೆ ಚಹಾ ಕೊಟ್ಟಳು. "ದಾವಲಣ್ಣ, ಹೋಗ್ತಾ ಒಂಬತ್ತೂ ಮನಿಗೆ ಹೇಳಿ ಹೋಗು. ಮುಂಜಾನೆ ಎಲ್ಲರೂ ಬರ್ರಿ ಅಂತ. ಬುಟ್ಟಿ ತರಬ್ಯಾಡ್ರಿ."

ಭಾನುವಾರ ಹೊತ್ತು ಹುಟ್ಟುವ ಹೊತ್ತಿಗೆ ನಲವತ್ತು ಜನ ದಂಡೆಯಲ್ಲಿದ್ದೆವು. ಗಂಡಸರು, ಹೆಂಗಸರು, ಮುದುಕರು. ಅವ್ವ ಮೊದಲು ಇಳಿದಳು. ನಡೆಯುತ್ತ ಕಾಲಿನಿಂದ ತಳ ತಡಕಿದಳು. ಒಂದು ಕಡೆ ನಿಂತಳು. ನೀರು ಅಲ್ಲಿ ಮೊಣಕಾಲಿಗೆ ಮಾತ್ರ ಬಂತು, ಆಚೆ ಈಚೆ ಸೊಂಟದ ತನಕ.

"ಇಲ್ಲಿ ಬಾ," ಎಂದಳು ನನಗೆ. ಮೂರು ದಿನದ ಮೇಲೆ ಮೊದಲ ಮಾತು.

ಇಳಿದೆ. ಉಪ್ಪು ಹಿಮ್ಮಡಿಯ ಬಿರುಕಿಗೆ ಹೊಕ್ಕಿತು. ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ಅಂಗಾಲಿಗೆ ಗಟ್ಟಿ ನೆಲ ಸಿಕ್ಕಿತು. ಉದ್ದಕ್ಕೆ, ದುಂಡಗೆ, ದಿಬ್ಬದ ಹಾಗೆ.

"ಇದು ನಮ್ಮ ಬದು. ನಿಮ್ಮಪ್ಪ ಹಾಕಿದ್ದು. ಇದರ ಮ್ಯಾಲ ನಿಂದ್ರು. ಇಳೀಬ್ಯಾಡ."

ಮೂವತ್ತನಾಲ್ಕು ವರ್ಷದ ನನಗೆ ನಮ್ಮ ಹೊಲದ ಬದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಪಹಣಿಯ ನಂಬರು ಗೊತ್ತಿತ್ತು. ನಾಚಿಕೆಯಾಯಿತು. ಪಂಪಾವತಿ ತನ್ನ ಬದು ಹುಡುಕಿಕೊಂಡು ನಿಂತಳು. ಅವಳ ಆಚೆ ಇನ್ನೊಬ್ಬರು. ಯಾರೂ ನಕಾಶೆ ನೋಡಲಿಲ್ಲ. ಪಾದ ಇಟ್ಟು, ಇಲ್ಲ ಇನ್ನೂ ಈ ಕಡೆ, ಹಾಂ ಇಲ್ಲೇ ಎಂದು ನಿಂತರು. ಸ್ವಲ್ಪ ಹೊತ್ತಿಗೆ ಆ ನೀರಿನ ಮೇಲೆ ಜನರ ಸಾಲುಗಳು ಮೂಡಿದವು. ಉದ್ದ ಸಾಲು, ಅಡ್ಡ ಸಾಲು. ದಂಡೆಯಿಂದ ನೋಡಿದರೆ ಒಂಬತ್ತು ಹೊಲ ಎಣಿಸಬಹುದಾಗಿತ್ತು.

ಕಾರು ಬಂದವು. ಬೋರ್ಡು ಇಳಿಸಿದರು, ಮತ್ತೆ ಕಾರಿಗೇ ಒರಗಿಸಿದರು. ಶಿವರಾಜ ದಂಡೆಯ ತುದಿಗೆ ಬಂದು ನಿಂತ. ಬಿಸಿಲು ಏರುತ್ತಿತ್ತು. ಕಾಲು ಉರಿಯುತ್ತಿತ್ತು.

"ಏನಬೇ ಇದು ನಾಟಕ? ಪೊಲೀಸರಿಗೆ ಫೋನ್ ಹಚ್ಚಲೇನು?" ಎಂದ.

"ಹಚ್ಚು," ಎಂದಳು ಅವ್ವ. ಯಪ್ಪಾ ಅನ್ನಲಿಲ್ಲ. "ಹಂಗ ಸರ್ವೇದವ್ರಿಗೂ ಹಚ್ಚು. ಬರಲಿ. ಮೀನ ಅಳದೀರಿ, ಈಗ ಹೊಲ ಅಳೀರಿ. ನಾ ನಿಂತಲ್ಲಿಂದ ಆ ಜಾಲಿಗಿಡದ ತನಕ ಎರಡು ಎಕರೆ ಹತ್ತು ಗುಂಟಿ. ಒಂದ್ ಗೇಣು ಕಮ್ಮಿ ಬಂತಂದ್ರ ನಾ ಬಿಟ್ಟು ಹೋಗ್ತೀನಿ. ಕಮ್ಮಿ ಬರಲಿಲ್ಲ ಅಂದ್ರ ನೀ ಹೋಗಬೇಕು."